ಮಣ್ಣಿನ ಗೋಡೆಗೆ 'ಕಚ್ಚಾ' ಎಂಬ ಹಣೆಪಟ್ಟಿಯೇಕೆ?

ಮಲೆನಾಡಿನ ಕುಟುಂಬವೊಂದು ತನ್ನ ಜಾಗದ ಕೆಮ್ಮಣ್ಣಿನಿಂದಲೇ ಮನೆ ಕಟ್ಟಿಕೊಂಡರೆ ಸರ್ಕಾರಿ ಭಾಷೆಯಲ್ಲಿ ಅದು 'ಕಚ್ಚಾ'. 2011ರ ಜನಗಣತಿಯೂ ಮಣ್ಣು, ಸುಡದ ಇಟ್ಟಿಗೆಗಳ ಗೋಡೆಯನ್ನು ತಾತ್ಕಾಲಿಕ ಸಾಮಗ್ರಿಯ ಸಾಲಿಗೇ ಸೇರಿಸಿತು. ತಲೆಮಾರುಗಳ ಮಳೆಗಾಲ ಕಂಡ ಮಣ್ಣಿನ ಮನೆಗಳು ಘಟ್ಟದ ಊರುಗಳಲ್ಲಿ ನಿಂತಿರುವಾಗ ಇದು ಅಜ್ಞಾನವಲ್ಲದೆ ಮತ್ತೇನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಈ ಜ್ಞಾನವನ್ನು ಒರೆಗೆ ಹಚ್ಚಿತು. ಹದವಾದ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿದರೆ ಗಟ್ಟಿ ಇಟ್ಟಿಗೆ ಸಿದ್ಧ. ಭಟ್ಟಿಯೂ ಬೇಡ, ಭಟ್ಟಿಗೆ ಕಾಡಿನ ಸೌದೆಯೂ ಬೇಡ. ಮನೆಮಂದಿಯೇ ಒತ್ತಿಕೊಳ್ಳಬಹುದು.

ಸಿಮೆಂಟಿಗಾದರೋ ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಇಂಧನದ ಹೊಗೆಯೊಡನೆ ಕಲ್ಲಿನೊಳಗಿನ ಇಂಗಾಲವೂ ಗಾಳಿ ಸೇರುತ್ತದೆ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7-8 ಈ ಉದ್ಯಮದ್ದೇ. ಇಷ್ಟಾಗಿಯೂ ಕಾಂಕ್ರೀಟಿನ ತಾರಸಿ ಬೇಸಿಗೆಯಲ್ಲಿ ಕಾದು ಫ್ಯಾನು ಬೇಡುತ್ತದೆ. ಮಳೆಗಾಲದಲ್ಲಿ ಸೋರಿ ಮೇಲೊಂದು ತಗಡಿನ ಮಾಡು ಬೇಡುತ್ತದೆ.

ಮಳೆಗೆ ಮಣ್ಣು ಕರಗದೇ ಎಂಬ ಪ್ರಶ್ನೆಗೆ ಹಿರಿಯರು ಎಂದೋ ಉತ್ತರಿಸಿದ್ದಾರೆ: ಎತ್ತರದ ಕಲ್ಲಿನ ಪಂಚಾಂಗ, ಹೆಂಚಿನ ಮಾಡು, ಗೋಡೆಯಿಂದಾಚೆ ಚಾಚಿದ ಸೂರು.

ಪಂಚಾಯಿತಿಗಳು ಇಂಥ ಮನೆಗೂ ಸಮಾನ ನೆರವು ನೀಡಲಿ, ಊರಿಗೊಂದು ಒತ್ತುಯಂತ್ರ ಒದಗಿಸಲಿ. ವಿದ್ಯಾರ್ಥಿಗಳು ಈ ಕೆಲಸವನ್ನು ಕೈಯಾರೆ ಕಲಿಯಲಿ. ಗ್ರಾಮಸಭೆಯಲ್ಲಿ ಈ ಬೇಡಿಕೆ ನಿರ್ಣಯವಾಗಿ ದಾಖಲಾಗಲಿ.