ಗಾರ್ಡ್ ತೆಗೆದದ್ದು ಯಾರು?

(1)
ಫಸ್ಟ್ ಫೋಟೋ ನೋಡಿ. ಅದು ನನ್ನ ಹೆಲ್ಮೆಟ್‌ನ ವೈಸರ್. ನಡುವಿನಿಂದ ಸ್ವಲ್ಪ ಎಡಕ್ಕೆ ಒಂದು ಬಿಳಿ ಗುಳಿ ಕಾಣ್ತದಲ್ಲ, ಅದರ ಸುತ್ತ ಬಿರುಕು? ಅದು ಕೈಯಿಂದ ಬಿದ್ದು ಆದದ್ದಲ್ಲ. ಕಲ್ಲು ಬಂದು ಬಡಿದದ್ದು. ಬಡಿಯುವಾಗ ಆ ಗುಳಿಯ ಹಿಂದೆ ನನ್ನ ಎಡಗಣ್ಣು ಇತ್ತು.

ನವರಾತ್ರಿಗೆ ಮುಂಚಿನ ಶನಿವಾರ. ಕಾಪುವಿನಿಂದ ಶಿರ್ವ ಕಡೆಗೆ ಸ್ಕೂಟಿಯಲ್ಲಿ ಹೋಗ್ತಾ ಇದ್ದೆ. ರಸ್ತೆ ಬದಿಯ ಖಾಲಿ ಜಾಗದಲ್ಲಿ ಟ್ರ್ಯಾಕ್ಟರ್ ಹಿಂದೆ ಹುಲ್ಲು ಕತ್ತರಿಸುವ ಮಿಷನ್ ಕಟ್ಟಿ ಓಡಿಸ್ತಾ ಇದ್ದರು. ಯಾವುದೋ ಕಾರ್ಯಕ್ರಮಕ್ಕೆ ಪಾರ್ಕಿಂಗ್ ಜಾಗ ಮಾಡ್ಲಿಕ್ಕೆ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಹುಲ್ಲು ಸೊಂಟದವರೆಗೆ. ನಾನು ಟ್ರ್ಯಾಕ್ಟರ್‌ನ ನೇರಕ್ಕೆ ಕೂಡ ಬಂದಿರಲಿಲ್ಲ, ಎಷ್ಟೋ ದೂರದಲ್ಲಿದ್ದೆ. 'ಟಕ್' ಅಂತ ಒಂದು ಶಬ್ದ. ಅಷ್ಟೆ.

ನಮ್ಮೂರಿನ ಮಳೆಯಲ್ಲಿ ವೈಸರ್ ಮೇಲೆ ಎತ್ತಿಕೊಂಡೇ ಗಾಡಿ ಬಿಡುದು ನಮಗೆಲ್ಲ ಅಭ್ಯಾಸ. ಇಳಿಸಿದರೆ ಮಂಜು ಹಿಡಿದು ಎಂತದ್ದೂ ಕಾಣುದಿಲ್ಲ. ಆ ದಿನ ನಾನೂ ಎತ್ತಿಯೇ ಇಟ್ಟಿದ್ದೆ. ಧೂಳು ಬರ್ತದೆ ಅಂತ ಐದು ನಿಮಿಷ ಮುಂಚೆ ಇಳಿಸಿದ್ದು.

(2)
ಮನೆಯಲ್ಲಿ ಹೇಳಿದಾಗ ಎಲ್ಲರದ್ದೂ ಒಂದೇ ಮಾತು: "ಆ ಟ್ರ್ಯಾಕ್ಟರಿನವನಿಗೆ ಗಾಡಿ ನಿಲ್ಲಿಸಿ ನಾಲ್ಕು ಬಿಡ್ಬೇಕಿತ್ತು." ನನಗೂ ಹಾಗೇ ಅನಿಸಿತ್ತು. ಮರುವಾರ ಕಾರ್ಕಳದ ಅಜ್ಜಿಮನೆಗೆ ಹೋಗದಿದ್ದರೆ ಈ ಪೋಸ್ಟ್ ಬೈಗುಳದಲ್ಲೇ ಮುಗಿಯುತ್ತಿತ್ತು.

ನನ್ನ ಮಾವ ಅಲ್ಲಿ ತೋಟಗಳಿಗೆ ಹುಲ್ಲು ಕಟ್ಟಿಂಗಿಗೆ ಹೋಗ್ತಾರೆ. ಟ್ರ್ಯಾಕ್ಟರ್ ಅಲ್ಲ, ಹೆಗಲಿಗೆ ಹಾಕುವ ಮಿಷನ್. ಅವರ ಮಿಷನ್ ನೋಡಿದೆ, ಬ್ಲೇಡಿನ ಮೇಲೆ ಕಂಪೆನಿ ಕೊಟ್ಟ ಗಾರ್ಡ್ ಇಲ್ಲ. ಎಲ್ಲಿ ಅಂತ ಕೇಳಿದರೆ ಕೊಟ್ಟಿಗೆಯ ಗೋಡೆ ತೋರಿಸಿದರು. ಮೊಳೆಗೆ ನೇತು ಹಾಕಿದ್ದಾರೆ, ಹೊಸತರ ಹಾಗೇ ಉಂಟು. (ಎರಡನೇ ಫೋಟೋ ಅದೇ.)

"ಯಾಕೆ ಮಾವ?" ಅಂದೆ.

"ಒದ್ದೆ ಹುಲ್ಲು ಅದರ ಅಡಿಗೆ ಸಿಕ್ಕಿಕೊಳ್ತದೆ ಮಗಾ. ಪ್ರತಿ ಹತ್ತು ನಿಮಿಷಕ್ಕೆ ನಿಲ್ಲಿಸಿ ಕೆರೀಬೇಕು. ಮತ್ತೆ ಅದರಲ್ಲಿ ಸಣ್ಣ ಒಂದು ಬ್ಲೇಡ್ ಉಂಟು, ನೈಲಾನ್ ದಾರ ಉದ್ದ ಆದರೆ ತುಂಡು ಮಾಡ್ತದೆ. ಗಾರ್ಡ್ ತೆಗೆದರೆ ದಾರ ಉದ್ದ ಬಿಡ್ಬಹುದು, ಒಂದು ಬೀಸಿಗೆ ಜಾಸ್ತಿ ಅಗಲ ಸಿಗ್ತದೆ. ಕೆಲಸ ಬೇಗ ಮುಗೀತದೆ."

"ಬೇಗ ಮುಗಿಸಿ ಎಂತ ಮಾಡ್ಲಿಕ್ಕೆ? ನಿಮಗೆ ಗಂಟೆ ಲೆಕ್ಕದಲ್ಲಿ ಅಲ್ವಾ ಕೊಡುದು?"

ಮಾವ ನಕ್ಕರು. "ಗಂಟೆ ಲೆಕ್ಕದಲ್ಲಿ ಕೊಡುವವರು ಜಗಲಿಯಲ್ಲಿ ಕೂತು ಗಡಿಯಾರ ನೋಡ್ತಾ ಇರ್ತಾರೆ. ನಾನು ಎರಡು ಸಲ ಕೆರೀಲಿಕ್ಕೆ ನಿಲ್ಲಿಸಿದರೆ ಮುಂದಿನ ವರ್ಷ ಬೇರೆಯವನನ್ನು ಕರೀತಾರೆ."

ಬಿಕಾಂ ಓದುವವರಿಗೆ ಇದು ಬೇಗ ಅರ್ಥ ಆಗ್ಬೇಕು. ಗಾರ್ಡ್ ಇಟ್ಟುಕೊಂಡು ಕೆಲಸ ಮಾಡಿದರೆ ಹೆಚ್ಚು ಹೊತ್ತು ಹಿಡೀತದೆ. ಆ ಹೊತ್ತಿಗೆ ಹಣ ಕೊಡ್ಲಿಕ್ಕೆ ನಾವು ತಯಾರಿಲ್ಲ. ಆದರೆ ಆ ಖರ್ಚು ಮಾಯ ಆಗುದಿಲ್ಲ ಮಾರಾಯ್ರೆ, ಲೆಡ್ಜರಿನ ಈ ಪುಟದಿಂದ ಹಾರಿ ಬೇರೆ ಯಾರದ್ದೋ ಪುಟದಲ್ಲಿ ಕೂರ್ತದೆ. ಆ ಶನಿವಾರ ನನ್ನ ವೈಸರ್ ಮೇಲೆ ಕೂತಿತು. ಎಕನಾಮಿಕ್ಸ್ ಕ್ಲಾಸಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಬರೆಸಿದ್ದು ನೆನಪುಂಟಾ? ಕಾರ್ಖಾನೆ ಹೊಗೆಯ ಉದಾಹರಣೆ ಕೊಟ್ಟಿದ್ದರು. ನನಗೆ ಅದು ತಲೆಗೆ ಹೋದದ್ದು ಈಗ.

ಹಾಗಾಗಿ ನಾನು ಹೇಳುದು ಇಷ್ಟೆ: ಗಾರ್ಡ್ ತೆಗೆದದ್ದು ಮಾವ ಅಲ್ಲ. ತೆಗೆಸಿದ್ದು ಹುಲ್ಲು ಕಟ್ಟಿಂಗ್ ಮಾಡಿಸುವ ನಾವು.

(3)
ಒಂಚೂರು ಲೆಕ್ಕ. ಹೆಗಲ ಮಿಷನ್‌ನ ಬ್ಲೇಡ್ ಸುಮಾರು 25 ಸೆಂಟಿಮೀಟರ್ ಅಗಲ. ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 330 ಕಿಲೋಮೀಟರ್ ಆಗ್ತದೆ. ನೈಲಾನ್ ದಾರ ಇನ್ನೂ ಉದ್ದ, ಅದರ ತುದಿ ಇನ್ನೂ ಜೋರು. ಹತ್ತು ಗ್ರಾಂನ ಕಲ್ಲಿನ ಚೂರು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹಾರಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಬಾಲ್‌ನಲ್ಲಿ ಇರುವಷ್ಟೇ ಶಕ್ತಿ ಅದರಲ್ಲಿ ಇರ್ತದೆ. ಬಾಲ್ ಆದರೆ ಅಗಲಕ್ಕೆ ಬಡೀತದೆ. ಇದು ಶೇಂಗಾ ಬೀಜದಷ್ಟು ಜಾಗಕ್ಕೆ.

ಹೆಗಲ ಮಿಷನ್‌ನ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ ಬರೆದಿರುದು: ಸುತ್ತ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು. ಕ್ರಿಕೆಟ್ ಪಿಚ್‌ನ ಮುಕ್ಕಾಲು ಉದ್ದ. ಟ್ರ್ಯಾಕ್ಟರ್‌ಗೆ ಕಟ್ಟುವ ದೊಡ್ಡದಕ್ಕೆ 300 ಅಡಿ ಅಂತ ಬರೆದದ್ದೂ ಉಂಟು, ಅಂದರೆ 90 ಮೀಟರ್. ಇಂಟರ್‌ನ್ಯಾಷನಲ್ ಮ್ಯಾಚ್‌ನ ಬೌಂಡರಿ ಕೂಡ ಅಷ್ಟು ದೂರ ಇರುದಿಲ್ಲ. ನಾನು 'ಎಷ್ಟೋ ದೂರದಲ್ಲಿದ್ದೆ' ಅಂದದ್ದು ದೂರವೇ ಅಲ್ಲ.

(4)
ಹುಲ್ಲಿನ ಒಳಗೆ ಎಂತ ಉಂಟು ಅನ್ನುದು ಊರಿಂದ ಊರಿಗೆ ಬೇರೆ. ಕಾಪುವಿನ ಕಡಲ ಬದಿಯ ಹಿತ್ತಲಲ್ಲಿ ಮರಳು, ಚಿಪ್ಪು, ತೆಂಗಿನ ಗೆರಟೆ ಚೂರು. ಕಾರ್ಕಳದಲ್ಲಿ ಪಾದೆ. ಗೊಮ್ಮಟನನ್ನು ನಿಲ್ಲಿಸಿದ ಊರು, ಕಲ್ಲಿಗೆ ಎಂತ ಬರ? ಮಳೆಗಾಲದಲ್ಲಿ ಹುಲ್ಲು ಪಾದೆಯನ್ನು ಪೂರ್ತಿ ಮುಚ್ಚಿರ್ತದೆ, ಬ್ಲೇಡ್ ತಾಗಿ ಕಿಡಿ ಹಾರಿದಾಗಲೇ ಗೊತ್ತಾಗುದು. ಮುರಕಲ್ಲಿನ ಜಾಗ ಆದರೆ ಇನ್ನೊಂದು ಕಥೆ: ಬ್ಲೇಡ್ ಬಡಿದ ಕೂಡಲೇ ಒಡೆದು ಹತ್ತು ಚೂರಾಗಿ ಹತ್ತು ಕಡೆ ಹೋಗ್ತದೆ.

ಎಲ್ಲದಕ್ಕಿಂತ ಹೆದರಿಕೆ ಮಣಿಪಾಲದ ಖಾಲಿ ಸೈಟುಗಳದ್ದು. ಪಿಜಿಯಲ್ಲಿ ಇರುವವರು ಪಕ್ಕದ ಸೈಟಿಗೆ ಒಮ್ಮೆ ಇಣುಕಿ. ಬಾಟಲಿ ಚೂರು, ಟೈಲ್ಸ್ ಚೂರು, ಮೊಳೆ, ಕಟ್ಟಡ ಕೆಲಸದ ಬೈಂಡಿಂಗ್ ವಯರ್. ವಯರ್ ಬ್ಲೇಡಿಗೆ ಸುತ್ತಿಕೊಂಡು ತುಂಡಾದರೆ ಅದು ಕಲ್ಲಿಗಿಂತ ಕೆಟ್ಟದ್ದು. ಆ ಬಾಟಲಿಗಳನ್ನು ಅಲ್ಲಿಗೆ ಎಸೆದವರು ಯಾರು ಅಂತ ನಾನು ಕೇಳುದಿಲ್ಲ, ನಿಮಗೇ ಗೊತ್ತುಂಟು.

ಹಾಗಾಗಿ ಮಿಷನ್ ಸ್ಟಾರ್ಟ್ ಮಾಡುವ ಮೊದಲು ಜಾಗ ಒಮ್ಮೆ ನಡೆದು ನೋಡುವ ಕೆಲಸ ಜಾಗದ ಯಜಮಾನರದ್ದು. ಕಟ್ಟಿಂಗ್‌ನವರಿಗೆ ನಿಮ್ಮ ಹಿತ್ತಲು ಗೊತ್ತಿರುದಿಲ್ಲ. ಪಾದೆ ಇದ್ದಲ್ಲಿ ಒಂದು ಗೂಟ ಊರಿ, ತುದಿಗೆ ಬಟ್ಟೆ ಕಟ್ಟಿ. "ಬುಡಕ್ಕೇ ತೆಗೀರಿ, ನುಣ್ಣಗೆ ಬರ್ಲಿ" ಅಂತ ಹೇಳುದು ಬಿಡಿ. ನಾಲ್ಕು ಇಂಚು ಹುಲ್ಲು ಉಳಿದರೆ ಯಾರ ಗಂಟು ಹೋಗ್ತದೆ? ಬುಡಕ್ಕೆ ಇಳಿದಷ್ಟೂ ಬ್ಲೇಡ್ ಕಲ್ಲಿಗೆ ಹತ್ತಿರ.

(5)
ಈಗ ನಮ್ಮ ವಿಷಯ. ಹೋದ ಸಲ ಶ್ರಮದಾನದಲ್ಲಿ ಗ್ರೌಂಡ್ ಕ್ಲೀನ್ ಮಾಡಿದೆವು. ಒಬ್ಬರು ಮಿಷನ್ ಹಿಡಿದು ಮುಂದೆ, ನಾವು ಹದಿನೈದು ಜನ ಹುಲ್ಲು ಒಟ್ಟು ಮಾಡ್ತಾ ಅವರ ಬೆನ್ನಿಗೇ. ನಾಲ್ಕು ಹೆಜ್ಜೆ ದೂರ ಕೂಡ ಇರಲಿಲ್ಲ. ಆ ಗ್ರೂಪ್ ಫೋಟೋ ಈಗ ತೆಗೆದು ನೋಡಿದರೆ ಮೈ ಜುಂ ಅಂತದೆ. ಒಬ್ಬಳು ಮಿಷನ್ ಎದುರಿಗೇ ಕುಕ್ಕರಗಾಲಲ್ಲಿ ಕೂತು ರೀಲ್ಸ್ ಮಾಡ್ತಾ ಇದ್ದಾಳೆ. ಯಾರು ಅಂತ ಹೇಳುದಿಲ್ಲ, ಅವಳು ಇದನ್ನು ಓದ್ತಾ ಇದ್ದಾಳೆ.

ಮೊದಲು ಕಟ್ಟಿಂಗ್ ಪೂರ್ತಿ ಮುಗೀಲಿ, ಮಿಷನ್ ಬಂದ್ ಆಗ್ಲಿ, ಆಮೇಲೆ ನಾವು ಇಳಿಯುವ. ಚಾ ಕುಡೀಲಿಕ್ಕೆ ಕರೀಲಿಕ್ಕೂ ಹಿಂದಿನಿಂದ ಹೋಗಿ ಬೆನ್ನು ಮುಟ್ಟಬೇಡಿ. ಅವರಿಗೆ ಕೇಳುದಿಲ್ಲ, ಬೆಚ್ಚಿ ತಿರುಗಿದರೆ ಮಿಷನ್ ಕೂಡ ಜೊತೆಗೆ ತಿರುಗ್ತದೆ. ದೂರದಲ್ಲಿ, ಎದುರಿಗೆ ಕಾಣುವಲ್ಲಿ ನಿಂತು ಕೈ ಬೀಸಿ. ಟ್ರ್ಯಾಕ್ಟರ್ ಆದರೆ ಮಿಷನ್ ಆಫ್ ಮಾಡಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗ್ತಾನೇ ಇರ್ತದೆ.

ಮಾವ ಹೇಳಿದ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಹೆಗಲ ಮಿಷನ್‌ಗಳಲ್ಲಿ ಹೆಚ್ಚಿನದರ ಬ್ಲೇಡ್, ಮೇಲಿಂದ ನೋಡಿದರೆ, ಗಡಿಯಾರಕ್ಕೆ ಉಲ್ಟಾ ತಿರುಗುದು. ಹಾಗಾಗಿ ಎದುರು ಕತ್ತರಿಸಿದ್ದು ಹಿಡಿದವರ ಎಡಕ್ಕೆ ಹಾರ್ತದೆ. ರಸ್ತೆ ಎಡಕ್ಕೆ ಇಟ್ಟುಕೊಂಡು ನಡೆದರೆ ಕಲ್ಲು ರಸ್ತೆಗೆ, ಬಲಕ್ಕೆ ಇಟ್ಟುಕೊಂಡು ನಡೆದರೆ ತೋಟಕ್ಕೆ. ನಡೆಯುವ ದಿಕ್ಕು ಬದಲಾಯಿಸ್ಲಿಕ್ಕೆ ಒಂದು ಪೈಸೆ ಖರ್ಚಿಲ್ಲ! ಮಿಷನ್ ಮೇಲೆ ಬಾಣದ ಗುರುತು ಇರ್ತದೆ, ನೋಡಿಕೊಳ್ಳಿ.

(6)
ರಸ್ತೆ ಬದಿಗೆ ಇದು ಸಾಲುದಿಲ್ಲ. ಜಪಾನಿನಲ್ಲಿ ರಸ್ತೆ ಬದಿ ಹುಲ್ಲು ಕತ್ತರಿಸುವಾಗ ಮಿಷನ್‌ನವರ ಜೊತೆಗೇ ಬೇರೆ ಕೆಲಸದವರು ಬಲೆ ಹಿಡಿದುಕೊಂಡು ನಡೆಯುದುಂಟು, ರಸ್ತೆಗೆ ಕಲ್ಲು ಹಾರದ ಹಾಗೆ. ಅಷ್ಟೆ, ರಾಕೆಟ್ ಸೈನ್ಸ್ ಎಂತ ಇಲ್ಲ. ನಮ್ಮಲ್ಲಿ ಕಟ್ಟಡಕ್ಕೆ ಕಟ್ಟುವ ಹಸಿರು ನೆಟ್ ಇಲ್ವಾ? ಎರಡು ಕೋಲಿಗೆ ಕಟ್ಟಿ ಇಬ್ಬರು ಹಿಡಿದರೆ ಆಯ್ತು. ಹಿಡಿಯುವವರಿಗೂ ಹೆಲ್ಮೆಟ್, ಕನ್ನಡಕ ಬೇಕು. ಟ್ರ್ಯಾಕ್ಟರ್ ಮಿಷನ್‌ಗೆ ಹಿಂದೆ ಮುಂದೆ ಸರಪಳಿಯ ಪರದೆ, ಇಲ್ಲದಿದ್ದರೆ ದಪ್ಪ ರಬ್ಬರ್ ಪಟ್ಟಿ ಬರ್ತದೆ. ನಾನು ಅವತ್ತು ವಾಪಸ್ ಬರುವಾಗ ಗಾಡಿ ನಿಲ್ಲಿಸಿ ನೋಡಿದೆ. ಹಿಂದೆ ನಾಲ್ಕು ಸರಪಳಿ ಉಳಿದಿತ್ತು, ಬಾಕಿ ಎಲ್ಲ ಖಾಲಿ ಕೊಂಡಿ.

"ಗ್ಲಾಸ್ ಹೋದರೆ ಇನ್ಶೂರೆನ್ಸ್ ಉಂಟಲ್ಲ" ಅಂತ ಒಬ್ಬ ಹೇಳಿದ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿನ್ನ ಕಾರಿನ ಗ್ಲಾಸಿಗೆ ಅದರಿಂದ ಎಂತದ್ದೂ ಸಿಗುದಿಲ್ಲ ಮಾರಾಯ. ಫುಲ್ ಇನ್ಶೂರೆನ್ಸ್ ಇದ್ದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಹೋಗ್ತದೆ, ಅದು 20ರಿಂದ 50 ಪರ್ಸೆಂಟ್‌ವರೆಗೆ ಇರ್ತದೆ. ಟ್ರ್ಯಾಕ್ಟರ್ ರಸ್ತೆಗೆ ಇಳೀಬೇಕಾದರೆ ಅದಕ್ಕೆ ಇನ್ಶೂರೆನ್ಸ್ ಕಡ್ಡಾಯ. ಹೆಗಲ ಮಿಷನ್ ಮೋಟಾರು ವಾಹನವೇ ಅಲ್ಲ, ಅದಕ್ಕೆ ಆ ಕಾನೂನು ಇಲ್ಲ. ರಿಕ್ಷಾದಲ್ಲಿ ಕೂತ ಮಗುವಿಗೆ ಪಕ್ಕದಲ್ಲಿ ಗ್ಲಾಸೂ ಇಲ್ಲ.

(7)
ಇದೊಂದು ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದು ಇಡಿ.

ಕಣ್ಣಿಗೆ ಏನಾದರೂ ಹೊಕ್ಕರೆ ಉಜ್ಜಬೇಡಿ, ಒತ್ತಬೇಡಿ. ಚುಚ್ಚಿಕೊಂಡಿದ್ದರೆ ಕೀಳಬೇಡಿ. ಪೇಪರ್ ಕಪ್ ಒತ್ತದ ಹಾಗೆ ಮೇಲೆ ಮುಚ್ಚಿ ಸೀದಾ ಆಸ್ಪತ್ರೆಗೆ ಹೋಗಿ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು, ಮಣಿಪಾಲ ಉಂಟು. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ನೆಪ ಹೇಳ್ಲಿಕ್ಕಿಲ್ಲ.

ಕಲ್ಲಲ್ಲ, ಬರೇ ಹುಲ್ಲಿನ ಎಸಳು ತಾಗಿದ್ದು ಅಂತ ಸುಮ್ಮನೆ ಇರುದೂ ಅಪಾಯ. ಗಿಡ, ಹುಲ್ಲು ಗೀರಿದ ಕಣ್ಣಿಗೆ ಫಂಗಸ್ ಹತ್ತುದುಂಟು, ಎರಡು ಮೂರು ದಿನ ಬಿಟ್ಟು ಕೂಡ ಕಾಣಿಸಬಹುದು. ಕೆಂಪಾಯಿತು ಅಂತ ಮೆಡಿಕಲ್‌ನಲ್ಲಿ ಯಾವುದೋ ಡ್ರಾಪ್ಸ್ ತಂದು ಬಿಟ್ಟರೆ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಫಂಗಸ್ ಇನ್ನೂ ಜೋರಾಗ್ತದೆ. ಎದೆಹಾಲು, ಎಲೆ ರಸ ಇಂಥದ್ದೆಲ್ಲ ಬೇಡವೇ ಬೇಡ. ಅಜ್ಜಿಗೆ ಬೇಜಾರಾದರೆ ಆಗ್ಲಿ.

(8)
ಬರುವ ಭಾನುವಾರ ನಮ್ಮ ಕಾಪುವಿನ ಮನೆಯಲ್ಲಿ ಹುಲ್ಲು ಕಟ್ಟಿಂಗ್ ಉಂಟು. ಮಾವನೇ ಬರ್ತಾರೆ. ಗಾರ್ಡ್ ತನ್ನಿ ಅಂತ ಫೋನ್ ಮಾಡಿದ್ದೇನೆ. ಗಂಟೆ ಲೆಕ್ಕ ಬೇಡ, ದಿನದ ಸಂಬಳ ಕೊಡುವ, ಕೆರೀಲಿಕ್ಕೆ ಎಷ್ಟು ಸಲ ಬೇಕಾದರೂ ನಿಲ್ಲಿಸ್ಲಿ ಅಂತ ಅಪ್ಪನ ಹತ್ತಿರ ಒಪ್ಪಿಸಿದ್ದೂ ಆಯ್ತು, ಅದಕ್ಕೆ ಎರಡು ರಾತ್ರಿಯ ಚರ್ಚೆ ಬೇಕಾಯ್ತು. ಜಾಲಿಯ ಮುಖವಾಡ ಅವರ ಹತ್ತಿರ ಉಂಟಂತೆ. ಜಾಲಿಯ ತೂತಿನಲ್ಲಿ ಸಣ್ಣ ಚೂರು ನುಗ್ಗುದುಂಟು, ಹಾಗಾಗಿ ಒಳಗೆ ಹಾಕ್ಲಿಕ್ಕೆ ಒಂದು ಕನ್ನಡಕ ನಾನು ತಂದಿದ್ದೇನೆ. ಹೊಸ ವೈಸರ್‌ಗಿಂತ ಕಡಿಮೆಗೆ ಸಿಕ್ಕಿತು.

ಆಚೆ ಮನೆಯವರಿಗೆ ಕಾರು ಬೇರೆ ಕಡೆ ಇಡ್ಲಿಕ್ಕೆ ಹೇಳಿಯಾಗಿದೆ. ನಾಳೆ ಸಂಜೆ ಕ್ಲಾಸ್ ಮುಗಿಸಿ ಬಂದು ಹಿತ್ತಲು ನಡೆದು ನೋಡುದು ನನ್ನ ಕೆಲಸ, ತಮ್ಮನಿಗೆ ಗೂಟ ಊರುವ ಕೆಲಸ. ಏನೆಲ್ಲ ಸಿಕ್ಕಿತು ಅಂತ ಸ್ಟೋರಿಯಲ್ಲಿ ಹಾಕ್ತೇನೆ.