'ಖರಾಬು' ನೆಲದ ಯೋಗ್ಯತೆ

ಮಾತು ಚಿಕ್ಕದಾದರೂ ಅದರಿಂದ ದೊಡ್ಡ ಅನರ್ಥವಾಗುವುದುಂಟು. ಅಂತಹ ಮಾತುಗಳಲ್ಲಿ 'ಖರಾಬು' ಒಂದು. ನಮ್ಮ ಕಡೆಯ ಊರುಗಳ ಭೂದಾಖಲೆಗಳನ್ನು ತೆರೆದು ನೋಡಿದರೆ ಗುಡ್ಡದ ಇಳಿಜಾರು, ಕಲ್ಲುಮರಡಿ, ಹಳ್ಳದ ದಂಡೆ ಇವೆಲ್ಲ ಬಹುಮಟ್ಟಿಗೆ ಈ ಒಂದೇ ಮಾತಿನಡಿ ಬಂದು ನಿಲ್ಲುತ್ತವೆ. ಸಾಗುವಳಿಗೆ ಬಾರದ್ದು ಎಂಬಷ್ಟೇ ಅದರ ಅರ್ಥ. ಆದರೆ ಕಾಗದದ ಮಾತು ಜನರ ಬಾಯಿಗೆ ಬಂದಾಗ ಅದು 'ಕೆಟ್ಟ ನೆಲ' ಎಂದಾಗುತ್ತದೆ. ಕೆಟ್ಟದ್ದನ್ನು ಅಗೆದರೇನು, ಹೊತ್ತೊಯ್ದರೇನು ಎಂಬ ಬುದ್ಧಿ ಅದರ ಬೆನ್ನ ಹಿಂದೆಯೇ ಬರುತ್ತದೆ. ಈ ನೆಲದ ಒಂದು ಭಾಗವಾದರೂ ಕೆಟ್ಟದ್ದಲ್ಲ, ನಮ್ಮ ಸೀಮೆಯ ಒಳ್ಳೆಯ ಮಣ್ಣುಗಳಲ್ಲಿ ಅದೂ ಒಂದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಆ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನಾದುದರಿಂದ ಈ ಮಾತನ್ನಾಡುವ ಹಕ್ಕು ನನಗೆ ಅಷ್ಟಿಷ್ಟು ಇದೆಯೆಂದು ಭಾವಿಸಿದ್ದೇನೆ.

ಮಣ್ಣಿನ ಗುಣಗಳು ಹಲವು. ಆದರೆ ಮಳೆಯನ್ನೇ ನಂಬಿದ ನಾಡಿನಲ್ಲಿ ಮುಖ್ಯವಾದವು ಎರಡು: ಒಂದು ಆಳ, ಇನ್ನೊಂದು ನೀರನ್ನು ಬಸಿದುಕೊಡುವ ಶಕ್ತಿ. ಆಳವಿದ್ದರೆ ಬೇರಿಗೆ ಮನೆ ದೊರೆಯಿತು, ನೀರಿಗೆ ಉಗ್ರಾಣ ದೊರೆಯಿತು. ಬಸಿಯುವ ಗುಣವಿದ್ದರೆ ಹೆಚ್ಚಾದ ನೀರು ಕೆಳಗಿಳಿದು ಬೇರಿಗೆ ಗಾಳಿ ದೊರೆಯಿತು. ಮಣ್ಣಿನ ಸಮೀಕ್ಷೆ ಮಾಡುವವರು 100 ಸೆಂಟಿಮೀಟರಿಗೆ ಮಿಗಿಲಾದ ಮಣ್ಣನ್ನು ಆಳದ್ದೆಂದೂ 50ಕ್ಕೆ ಒಳಗಿನದನ್ನು ತೆಳುವೆಂದೂ ಕರೆಯುತ್ತಾರೆ. ಈ ಎರಡು ಗುಣಗಳಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನಾಗುವುದೆಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಸೇರಿ 1997ರಲ್ಲಿ ರೂಪುಗೊಂಡ ನಮ್ಮ ಜಿಲ್ಲೆಯೇ ಇದಕ್ಕೆ ಪಾಠಶಾಲೆ.

ಮೊದಲು ಗಂಗಾವತಿಯ ಕಡೆ ಹೋಗೋಣ. ತಗ್ಗಿನ ಎರೆಹೊಲಗಳಿಗೆ ಆಳಕ್ಕೆ ಕೊರತೆಯಿಲ್ಲ. ಆದರೆ ಎರೆಮಣ್ಣು ಜಿಗುಟು. ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು, ನೀರನ್ನು ಬೇಗ ಕೆಳಗೆ ಬಿಡದು. 1953ರಲ್ಲಿ ತುಂಗಭದ್ರಾ ನದಿಯ ನೀರು ಎಡದಂಡೆ ನಾಲೆಗೆ ಹರಿಯಿತು. ಜೋಳ, ಹತ್ತಿಯಂತಹ ಹಗುರ ನೀರಿನ ಬೆಳೆಗಳಿಗೆಂದು ಎಣಿಸಿದ ಎಷ್ಟೋ ಭೂಮಿಯಲ್ಲಿ ಭತ್ತ ಬಂದಿತು. ಗಂಗಾವತಿ ಭತ್ತದ ಕಣಜವೆಂದು ಹೆಸರಾಯಿತು; ಸಂತೋಷವೇ. ಆದರೆ ಬಸಿಯಲಾರದ ನೆಲದಲ್ಲಿ ಒಳನೀರು ಮೇಲೇರಿತು, ಅದರೊಡನೆ ಉಪ್ಪೂ ಏರಿತು. ನೀರು ಆವಿಯಾಗಿ ಹೋಯಿತು, ಉಪ್ಪು ಮಾತ್ರ ಉಳಿಯಿತು. ಸವಳು, ಜವಳು ಎಂಬ ಮಾತುಗಳು ಅಲ್ಲಿಯ ರೈತರ ನಿತ್ಯದ ಮಾತುಗಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯನ್ನು ಸುಧಾರಿಸುವುದಕ್ಕೆಂದೇ ಸಂಶೋಧನೆ ನಡೆಯುವಷ್ಟು ಈ ರೋಗ ಬೆಳೆದಿದೆ. ಬಸಿಗಾಲುವೆ ತೋಡಿ, ನೆಲದೊಳಗೆ ಕೊಳವೆ ಹೂಳಿ, ಜಿಪ್ಸಂ ಹಾಕಿ, ನಿಸರ್ಗ ಕೊಡದಿದ್ದ ಗುಣವನ್ನು ಹಣ ಕೊಟ್ಟು ತರಬೇಕಾಗಿದೆ.

ಇನ್ನು ಗುಡ್ಡದ ನೆತ್ತಿಗೆ ಹೋಗೋಣ. ಅಲ್ಲಿ ಬಸಿಯುವುದಕ್ಕೆ ಅಡ್ಡಿಯಿಲ್ಲ, ಆದರೆ ಆಳವಿಲ್ಲ. ಗೇಣು ಮಣ್ಣಿನ ಕೆಳಗೆ ಬಂಡೆ. ಮಳೆ ಬಿದ್ದಷ್ಟೇ ಬೇಗ ಹರಿದು ಹೋಗುವುದು.

ಇವೆರಡರ ನಡುವೆ, ಗುಡ್ಡದ ತಪ್ಪಲಿನಲ್ಲಿ, ಎರಡು ಗುಣಗಳೂ ಕೂಡಿ ಬರುವ ಒಂದು ಪಟ್ಟಿ ಇದೆ. ಕಣಶಿಲೆಯ ಗುಡ್ಡ ಬಿಸಿಲುಮಳೆಗೆ ಸವೆದು, ಅದರ ಪುಡಿ ಸಾವಿರಾರು ವರ್ಷಗಳಿಂದ ಉರುಳಿ ಬಂದು ನಿಂತ ಜಾಗವದು. ಮೇಲೆ ಕೆಂಪು ಮಸಾರಿ, ಕೆಲವೆಡೆ ಆಳುದ್ದ. ಅದರ ಕೆಳಗೆ ಗರಸು. ಅದರ ಕೆಳಗೆ ಬಂಡೆ. ಮರಳು ಬೆರೆತ ಮಣ್ಣಾದುದರಿಂದ ನೀರು ನಿಲ್ಲದೆ ಇಳಿಯುವುದು. ಅದರ ಕೆಂಪು ಬಣ್ಣವೂ ಒಂದು ಸಾಕ್ಷಿ; ಮಣ್ಣಿನೊಳಗೆ ಗಾಳಿಯಾಡಿ ಕಬ್ಬಿಣದಂಶ ತುಕ್ಕು ಹಿಡಿದುದರ ಗುರುತು ಅದು. ಬಹುಕಾಲ ನೀರು ನಿಂತ ಮಣ್ಣು ಬೂದುಬಣ್ಣಕ್ಕೆ ತಿರುಗುವುದು.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನನ್ನ ಅಜ್ಜ ಹೇಳಿದ್ದರು: "ತಮ್ಮಾ, ಗುಡ್ಡದ ಮ್ಯಾಲಿನ ಹುಲ್ಲು ಮಳಿ ಹೋದ ಎಂಟು ದಿನಕ್ಕ ಒಣಗತೈತಿ. ತಪ್ಪಲದ ಹುಲ್ಲು ತಿಂಗಳಾದ್ರೂ ಹಸರ ಇರತೈತಿ." ಅಕ್ಷರ ಬಾರದ ಅಜ್ಜನ ಈ ಮಾತನ್ನು ಮೊನ್ನೆ ಲೆಕ್ಕ ಹಾಕಿ ನೋಡಿದೆ. ಇಂತಹ ಮಣ್ಣು ಒಂದು ಮೀಟರ್ ಆಳವಿದ್ದರೆ ಸುಮಾರು 100 ಮಿಲಿಮೀಟರ್ ನೀರನ್ನು ಬೇರಿಗೆ ದಕ್ಕುವಂತೆ ಹಿಡಿದಿಡಬಲ್ಲದು. ಕಾಲು ಮೀಟರ್ ಇದ್ದರೆ 25 ಮಾತ್ರ. ಹುಲ್ಲು ದಿನಕ್ಕೆ ಮೂರೂವರೆ ಮಿಲಿಮೀಟರ್ ಕುಡಿಯುವುದೆಂದು ಹಿಡಿದರೆ ಮೊದಲನೆಯದು ನಾಲ್ಕು ವಾರ, ಎರಡನೆಯದು ಒಂದು ವಾರ! ಅಜ್ಜನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಹೆಚ್ಚೆಂದರೆ ಒಂದೆರಡು ದಿನದ ಅಂತರ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಅದೂ ನಡುನಡುವೆ ಕೈಕೊಡುವ ನಮ್ಮ ನಾಡಿನಲ್ಲಿ ಆ ಮೂರು ವಾರಗಳ ಅಂತರವೇ ಹಿಂಡಿನ ಬದುಕು. ತಪ್ಪಲಿನಲ್ಲಿ ಇಂಗಿದ ನೀರು ಕೆಳಗಿನ ಬಾವಿಗಳಿಗೂ ಆಸರೆ ಎಂಬುದನ್ನು ಮರೆಯಬಾರದು.

ಈ ನೆಲದ ಮೇಲೆ ಹಿಂಡು ಮೇಯುವುದು ನಿನ್ನೆ ಮೊನ್ನೆಯದಲ್ಲ. ರಾಯಚೂರು, ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳು ಸಗಣಿ ಸುಟ್ಟ ರಾಶಿಗಳೆಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಂತಹ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡುಬಂದವು. ಇಷ್ಟು ದೀರ್ಘಕಾಲ ಹಿಂಡನ್ನು ಸಾಕಿದ ನೆಲವನ್ನು ಕೆಟ್ಟದ್ದೆನ್ನುವುದು ನ್ಯಾಯವೆ?

ಹೀಗಿರಲು ನಾವು ಈ ತಪ್ಪಲಿಗೆ ಮಾಡುತ್ತಿರುವುದೇನು? ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಮ್ಮೂರ ಗಾಯರಾಣಕ್ಕೆ ಅಗೆಯುವ ಯಂತ್ರ ಬಂದಿತು. ರಸ್ತೆಗೆ ಗರಸು ಬೇಕಾಗಿತ್ತು. ಗರಸು ಕೆಳಗಿರುವುದರಿಂದ ಮೇಲಿನ ಮಸಾರಿಯನ್ನು ಹುಲ್ಲಿನ ಬೇರುಸಹಿತ ಸುಲಿದು ಪಕ್ಕಕ್ಕೆ ಒಟ್ಟಿದರು. ಮುಂದಿನ ಮಳೆಗೆ ಆ ರಾಶಿ ಹಳ್ಳದ ಪಾಲಾಯಿತು. ಗುಂಡಿಯ ಅಂಚಿನಿಂದ ಕೊರಕಲುಗಳು ಮೇಲಕ್ಕೆ ಹರಿದವು. ಆ ವರ್ಷ ಮೇವು ಸಾಲದೆ ನಮ್ಮ ತಂದೆ ಅರವತ್ತು ಕುರಿಗಳಲ್ಲಿ ಇಪ್ಪತ್ತೆರಡನ್ನು ಸಂತೆಗೆ ಹೊಡೆದರು. ನನ್ನ ಫೀ ಕಟ್ಟಿದ್ದೂ ಆ ಹಣದಿಂದಲೇ. ಪ್ರತಿವರ್ಷವೂ ನನ್ನ ಓದಿಗೆ ಕುರಿಯ ಹಣವೇ ಬಂದಿದೆ. ಆದರೆ ಮೊದಲು ಹಿಂಡು ಹಡೆದದ್ದನ್ನು ಮಾರುತ್ತಿದ್ದೆವು, ಆ ವರ್ಷ ಹಿಂಡನ್ನೇ ಮಾರಿದೆವು. ಮಣ್ಣಿನ ವಿಷಯದಲ್ಲೂ ಇದೇ ಭೇದ. ಹುಲ್ಲು ಮಣ್ಣಿನ ಹುಟ್ಟುವಳಿ, ಪ್ರತಿವರ್ಷ ಬರುವುದು. ಮಣ್ಣು ಅಸಲು, ಒಮ್ಮೆ ಹೋದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬಾರದು.

ಅಮೇರಿಕದಂತಹ ಸಿರಿವಂತ ದೇಶವೂ ಈ ಪಾಠವನ್ನು ಬೆಲೆತೆತ್ತು ಕಲಿಯಿತು. ಅಲ್ಲಿಯ ಬಯಲು ಹುಲ್ಲುಗಾವಲುಗಳನ್ನು ಉತ್ತು ಗೋದಿ ಬಿತ್ತಿದ ಮೇಲೆ 1930ರ ದಶಕದ ಬರಗಾಲದಲ್ಲಿ ಮಣ್ಣು ದೂಳಾಗಿ ಹಾರಿಹೋಯಿತು. 1935ರಲ್ಲಿ ಆ ದೇಶ ಮಣ್ಣಿನ ರಕ್ಷಣೆಗೆಂದೇ ಕಾಯಿದೆ ಮಾಡಬೇಕಾಯಿತು.

"ಗುಡ್ಡವನ್ನು ಬೋಳು ಮಾಡಿದವರು ನಿಮ್ಮ ಕುರಿಗಳೇ ಅಲ್ಲವೇ?" ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹುಲ್ಲು ಬೀಜ ಕಟ್ಟುವ ಮೊದಲೇ ಹಿಂಡು ನುಗ್ಗಿದರೆ, ಚಿಕ್ಕ ನೆಲಕ್ಕೆ ದೊಡ್ಡ ಹಿಂಡು ಬಿದ್ದರೆ, ನೆಲ ತುಳಿದು ಗಟ್ಟಿಯಾಗುವುದು, ನೀರು ಇಂಗದೆ ಹರಿಯುವುದು. ಆದರೆ ಗಾಯರಾಣ ಕಿರಿದಾದಷ್ಟೂ ಉಳಿದ ನೆಲದ ಮೇಲೆ ಭಾರ ಹೆಚ್ಚುವುದೆಂಬುದನ್ನೂ ನೆನೆಯಬೇಕು. ಅಲ್ಲದೆ ಕುರಿ ತಿಂದುದನ್ನು ಗೊಬ್ಬರವಾಗಿ ಮರಳಿ ಕೊಡುವುದು. ಹೊಲದಲ್ಲಿ ಹಟ್ಟಿ ಹಾಕಿಸಿಕೊಳ್ಳುವ ರೈತರು ಇದನ್ನು ಬಲ್ಲರು. ಯಂತ್ರ ಏನನ್ನೂ ಮರಳಿ ಕೊಡದು.

ರಸ್ತೆ ಬೇಡವೆಂದು ನಾನು ಹೇಳುವುದಿಲ್ಲ; ಆ ರಸ್ತೆಯ ಮೇಲೆಯೇ ನನ್ನ ಬಸ್ಸು ಕಾಲೇಜಿಗೆ ಬರುವುದು. ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು ಎಂಬ ವಿವೇಕ ಬೇಕು ಎಂಬುದಷ್ಟೇ ನನ್ನ ವಾದ. ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ನಮ್ಮ ಜಿಲ್ಲೆಯ ಅನೇಕ ಊರುಗಳ ಮಣ್ಣಿನ ಆಳ, ಇಳಿಜಾರು, ಬಸಿಯುವ ಗುಣಗಳನ್ನು ಅಳೆದು ನಕಾಶೆ ಮಾಡಿದ್ದಾರೆ. ಗರಸಿಗೆ ಅಪ್ಪಣೆ ಕೊಡುವ ಮುನ್ನ ಆ ನಕಾಶೆಯನ್ನು ಬಿಚ್ಚಿ ನೋಡಿದರೆ ಸಾಕು. ಆಳದ ಮಣ್ಣನ್ನು ಬಿಟ್ಟು ತೆಳುಮಣ್ಣಿನ ಮರಡಿಯನ್ನು ಆರಿಸಬಹುದು. ಅಗೆಯಲೇಬೇಕಾದಲ್ಲಿ ಮೇಲ್ಮಣ್ಣನ್ನು ಕಾದಿಟ್ಟು ಮರಳಿ ಹರಡುವ ಕರಾರು ಹಾಕಬಹುದು. ಗಾಯರಾಣದ ಮೂರನೆಯ ಒಂದು ಪಾಲನ್ನು ಸರದಿಯಂತೆ ಮಳೆಗಾಲದಲ್ಲಿ ಮುಚ್ಚಿ, ಬೀಜ ಉದುರಿದ ಮೇಲೆ ತೆರೆಯುವುದೆಂದು ಊರವರೇ, ಅದರಲ್ಲೂ ನಮ್ಮಂತಹ ಕುರಿ ಮನೆಯವರೇ, ಕಟ್ಟು ಮಾಡಿಕೊಳ್ಳಬಹುದು.

ಸಹಪಾಠಿಗಳೇ, ನಮ್ಮಲ್ಲಿ ಬಹುಪಾಲು ಜನ ಹಳ್ಳಿಯಿಂದ ಬಂದವರು. ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಗುಡ್ಡದ ತಪ್ಪಲಿಗೊಮ್ಮೆ ಹೋಗಿ. ಹೊಸದಾಗಿ ಅಗೆಯುವುದು ಬೇಡ. ಹಳ್ಳದ ದಡವೋ ಹಳೆಯ ಗರಸಿನ ಗುಂಡಿಯೋ ಇದ್ದೇ ಇರುವುದು. ಅದರ ಬದಿಗೆ ನಿಂತು, ಕೆಂಪು ಮಣ್ಣು ನಿಮ್ಮ ಮೊಣಕಾಲಿನವರೆಗೆ ಇದೆಯೋ, ಎದೆಯವರೆಗೆ ಇದೆಯೋ ಅಳೆದು ನೋಡಿ. ಎದೆಯವರೆಗಿದ್ದರೆ ಊರಿನ ಹಿರಿಯರನ್ನು ಕರೆದು ತೋರಿಸಿ. ಆಮೇಲೆ ಪಹಣಿಯಲ್ಲಿ ಏನೆಂದು ಬರೆದಿದೆ ಎಂದು ಕೇಳಿ.