ಕೆರೆಗೆ ಯಾವ ವಿಭಾಗ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಮನೆಗಳಲ್ಲಿ ಚರ್ಚೆ ಶುರು: ವಿಜ್ಞಾನವೋ, ಕಲೆಯೋ? ಅಂಕ ಹೆಚ್ಚು ಬಂದಿದ್ದರೆ ವಿಜ್ಞಾನ, ಇಲ್ಲವಾದರೆ ಕಲೆ ಎಂಬುದು ಬಹುಪಾಲು ಪೋಷಕರ ತೀರ್ಮಾನ. ಕೋಲಾರ ಸೀಮೆಯ ಕೆರೆಗಳ ಕಥೆ ಬಲ್ಲವರು ಈ ಗೆರೆಯನ್ನು ಇಷ್ಟು ಸಲೀಸಾಗಿ ಎಳೆಯಲಾರರು.

ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಸೀಮೆ ಬದುಕಿದ್ದೇ ಕೆರೆಗಳಿಂದ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿರುವ 10ನೇ ಶತಮಾನದ ಶಾಸನವೊಂದು, ಅಲ್ಲಿನ ಶೈವ ಗುರು ತ್ರಿಭುವನಕರ್ತ 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆನ್ನುತ್ತದೆ. ಗುಡಿಯ ಪುಣ್ಯದ ಪಕ್ಕದಲ್ಲೇ ಕೆರೆಯ ಪುಣ್ಯ! ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಟ್ಟ ವಿವರಗಳು ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಲ್ಲಿ ಸಿಗುತ್ತವೆ. ಏರಿ ಕಟ್ಟುವಾಗಲೇ ಮುಂದೆ ಹೂಳೆತ್ತುವವನ ಊಟದ ಲೆಕ್ಕವೂ ಆಗಿರುತ್ತಿತ್ತೆಂದಾಯಿತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ತೂಬಿನ ಬಳಿ ನಿಂತ ನೀರುಗಂಟಿ ನೋಡಿಕೊಳ್ಳುತ್ತಿದ್ದ.

ಕೊಳವೆಬಾವಿ ಬಂದ ಮೇಲೆ ನೀರುಗಂಟಿಯ ಮಾತು ಯಾರಿಗೂ ಬೇಡವಾಯಿತು. ಊರಿನದಾಗಿದ್ದ ನೀರು ಹೊಲದೊಡೆಯನದಾಯಿತು. ಬಾವಿಯ ಆಳ ಸಾವಿರ ಅಡಿ ದಾಟಿತು. ಇಲ್ಲಿಯದು ಗಟ್ಟಿ ಕಲ್ಲಿನ ನೆಲ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಬಹುಕಾಲ ಹಾಗೆ ನಿಂತ ನೀರಿಗೆ ಕಲ್ಲಿನಿಂದ ಫ್ಲೋರೈಡ್ ಕರಗಿ ಸೇರುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೆ, ಇನ್ನೂ ಹೆಚ್ಚಾದರೆ ಮೂಳೆಗೆ ಕೇಡು. ಇದನ್ನು ಶಾಸನ ಹೇಳದು, ಪ್ರಯೋಗಾಲಯವೇ ಹೇಳಬೇಕು.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತಗಳಲ್ಲಿ ಶುದ್ಧಿಗೊಂಡು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗಳ ಕೆರೆಗಳಿಗೆ ಹರಿದಿದೆ. ಬತ್ತಿದ್ದ ಎಷ್ಟೋ ಬಾವಿಗಳಲ್ಲಿ ನೀರು ಕಂಡಿದೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ನ್ಯಾಯಾಲಯದವರೆಗೂ ಹೋಯಿತು. ನೀರಿನಲ್ಲಿ ನೈಟ್ರೇಟ್ ಎಷ್ಟು, ಲೋಹ ಎಷ್ಟು ಎಂಬುದಕ್ಕೆ ರಸಾಯನಶಾಸ್ತ್ರ ಬಲ್ಲವರು ಉತ್ತರಿಸಿಯಾರು. ಆದರೆ ಈ ನೀರಿರುವುದು ಅಂತರ್ಜಲ ಹೆಚ್ಚಿಸಲು. ಕೆರೆಗೇ ಪಂಪು ಹಚ್ಚುವಂತಿಲ್ಲ. ಕೆರೆ ತುಂಬಿದ್ದರೂ ಕೊಳವೆಬಾವಿಯಿಲ್ಲದ ಬಡ ರೈತ ಏರಿಯ ಮೇಲೆ ಕೈಕಟ್ಟಿ ನಿಲ್ಲಬೇಕು. ಅವನ ಪಾಲು ಯಾವುದು? ಈ ಪ್ರಶ್ನೆ ಯಾವ ನೀರಿನ ಪರೀಕ್ಷೆಯ ವರದಿಯಲ್ಲೂ ಇರುವುದಿಲ್ಲ. ನೀರುಗಂಟಿಗೆ ಮಾತ್ರ ಅದು ದಿನನಿತ್ಯದ ಪ್ರಶ್ನೆಯಾಗಿತ್ತು.

ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೇ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಯಾವ ವಿಭಾಗ ಸೇರಿದ ವಿದ್ಯಾರ್ಥಿಯೇ ಆಗಲಿ, ರಜೆಯಲ್ಲಿ ಅದರೊಳಗೆ ತನ್ನೂರನ್ನು ಹುಡುಕಿ ನೋಡಬಹುದು. ಕೆರೆಯ ಹೆಸರು ಸಿಕ್ಕರೆ ಸೈಕಲ್ ಏರಿ ಹೋಗಿ, ಆ ಕೆರೆ ಇನ್ನೂ ಅಲ್ಲಿದೆಯೇ, ತೂಬು ಯಾವ ಸ್ಥಿತಿಯಲ್ಲಿದೆ ಎಂದು ಕಂಡು ಬರಬಹುದು.